ಮನೆಯ ಕ್ಯಾಲೆಂಡರ್ ಮೊದಲು, ಗ್ಯಾಂಗ್ ಆಮೇಲೆ

ಗುರುತು ಬಚ್ಚಿಟ್ಟು ಗ್ಯಾಂಗ್‌ನೊಳಗೆ ಸೇರುವ ಅಂಡರ್‌ಕವರ್ ಅಧಿಕಾರಿಯ ಕಥೆಗೆ ಮನೆ ಸೀನ್ ಜಾಸ್ತಿ ಹಾಕಿದರೆ ಸಿನಿಮಾ ಲ್ಯಾಗ್ ಆಗುತ್ತದೆ ಅಂತ ನನಗೆ ಹೇಳದವರಿಲ್ಲ. ಈಗ ಅದೇ ಸ್ಕ್ರಿಪ್ಟ್ ಮಾರಾಟವಾಗಿದೆ. ಅಡ್ವಾನ್ಸ್ ಕೂಡ ಕೈಗೆ ಬಂದಿದೆ.

ಮೊದಲ ಡ್ರಾಫ್ಟ್‌ಗಳೆಲ್ಲ ಬಿದ್ದುಹೋದವು. ಗ್ಯಾಂಗ್ ಸೀನ್‌ಗಳು ಜೋರಾಗಿದ್ದವು, ಹೆಂಡತಿ ಮಾತ್ರ ಫೋನ್‌ನಲ್ಲಿ ಅಳುವುದಕ್ಕೇ ಇದ್ದಳು. ಒಬ್ಬ ನಿರ್ಮಾಪಕರು ಇಂಟರ್ವಲ್‌ವರೆಗೆ ಕೇಳಿ ಎದ್ದುಹೋದರು. ಎರಡು ವರ್ಷದ ಹತ್ತಿರ ಕಳೆಯಿತು. ರೂಮ್ ಬಾಡಿಗೆ, ಓಡಾಟ, ಪ್ರಿಂಟ್ ಅಂತ ಒಂದೂವರೆ ಲಕ್ಷದಷ್ಟು ಕೈಬಿಟ್ಟಿತು.

ದಾರಿ ತೋರಿಸಿದ್ದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿ ಜೋ ಪಿಸ್ಟೋನ್ ಬದುಕು. 1976ರಿಂದ 1981ರವರೆಗೆ ಆತ ಬೇರೆ ಹೆಸರಿನಲ್ಲಿ ನ್ಯೂಯಾರ್ಕ್ ಮಾಫಿಯಾದೊಳಗೆ ಇದ್ದ. ಅವನ ತಲೆಗೆ ಕಟ್ಟಿದ 5 ಲಕ್ಷ ಡಾಲರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನನ್ನು ಕಾಡಿದ್ದು ಅವನ ಮೂರು ಹೆಣ್ಣುಮಕ್ಕಳು. ಅಪ್ಪ ಇಲ್ಲದಿದ್ದರೂ ಅವರ ಪರೀಕ್ಷೆ, ಹುಟ್ಟುಹಬ್ಬ ನಿಲ್ಲುವುದಿಲ್ಲ, ಅಲ್ವಾ?

ಹಾಗಾಗಿ ಮೊದಲು ನನ್ನ ನಾಯಕನ ಮನೆಯ ಕ್ಯಾಲೆಂಡರ್ ಬರೆದೆ. ಮಗಳ ಸ್ಕೂಲ್ ಫೀಸ್, ಅಮ್ಮನ ಕಣ್ಣಿನ ಆಪರೇಷನ್, ನಾದಿನಿಯ ಮದುವೆ. ಗ್ಯಾಂಗ್‌ನ ಕೆಲಸಗಳನ್ನು ಅದೇ ತಾರೀಕುಗಳ ಮೇಲೆ ಕೂರಿಸಿದೆ. ಎರಡೂ ಡಿಕ್ಕಿ ಹೊಡೆಯದ ಸೀನ್ ಎಷ್ಟೇ ಚೆನ್ನಾಗಿದ್ದರೂ ಕಿತ್ತುಹಾಕಿದೆ. ನೂರಿಪ್ಪತ್ತರಲ್ಲಿ ಎಂಬತ್ತರ ಹತ್ತಿರ ಉಳಿದವು.

ಕ್ಲೈಮ್ಯಾಕ್ಸ್ ಸಿಕ್ಕಿದ್ದು ಕಾನೂನಿನಲ್ಲಿ. ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ 20 ಕೆಜಿ ದಾಟಿದರೆ ಕನಿಷ್ಠ 10 ವರ್ಷ ಜೈಲು, ಜಾಮೀನು ತುಂಬಾ ಕಷ್ಟ. ನನ್ನ ನಾಯಕನ ಭಾಮೈದ ಓಡಿಸುವ ಗೂಡ್ಸ್ ಆಟೊದಲ್ಲಿ 21 ಕೆಜಿ ಇದೆ. ಹುಡುಗನಿಗೆ ಅದು ಗೊತ್ತಿಲ್ಲ. 50ಎ ಸೆಕ್ಷನ್ ಅಡಿ ಮಾಲನ್ನು ದಾರಿಯಲ್ಲಿ ಹಿಡಿಯದೆ, ಮುಟ್ಟುವ ಜಾಗದವರೆಗೆ ಬಿಟ್ಟು ಹಿಂಬಾಲಿಸಲು ಅನುಮತಿ ಬಂದಿದೆ. ನಾಯಕ ಎರಡು ಕೆಜಿಯ ಒಂದು ಕಟ್ಟು ಇಳಿಸಿದರೆ ತೂಕ 20ರ ಕೆಳಗೆ ಬಂದು ಭಾಮೈದನಿಗೆ ಜಾಮೀನಿನ ಆಸೆಯಾದರೂ ಉಳಿಯುತ್ತದೆ. ಆದರೆ ನಾಯಕನೇ ಸಾಕ್ಷ್ಯ ಕದ್ದ ಹಾಗಾಗುತ್ತದೆ, ಗ್ಯಾಂಗ್ ಲೀಡರ್ ಮೇಲಿನ ಕೇಸೂ ಹಗುರವಾಗುತ್ತದೆ. ಇಡೀ ಸೀನ್ ಒಂದು ತಕ್ಕಡಿಯ ಮುಂದೆ ನಡೆಯುತ್ತದೆ. ಇಷ್ಟು ಬಿಗಿಯಾದ ಕ್ಲೈಮ್ಯಾಕ್ಸ್ ಇತ್ತೀಚೆಗೆ ಯಾರೂ ಬರೆದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ನಾಯಕನ ಮಗಳ ಬಾಯಲ್ಲಿ ಇಡೀ ಕಥೆ ಹೇಳಿಸಿ ಆಡಿಯೊ ಮಾಡಿಸಿದೆ. ಹತ್ತು ಸಾವಿರ ಹೋಯಿತು. ಕೇಳಿದವರು ಅತ್ತರು, ಭಯಪಡಲಿಲ್ಲ. ಆದರೂ ಅದರಿಂದ ಎರಡು ಸೀನ್ ಸಿಕ್ಕವು.

ಹೆಂಡತಿಗೆ ನಿಜ ಯಾವಾಗ, ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಕಥೆ ನಿಂತಿರುವುದೇ ಅದರ ಮೇಲೆ. ಭಾಮೈದನ ಪಾತ್ರಕ್ಕೆ ಹೊಸ ಹುಡುಗನನ್ನೇ ಹಾಕಬೇಕು ಅಂತ ಕರಾರಿನಲ್ಲೇ ಬರೆಸಿದ್ದೇನೆ. ಗೊತ್ತಿರುವ ಮುಖವಾದರೆ ಇವನು ಹೇಗೂ ಬಚಾವಾಗುತ್ತಾನೆ ಅಂತ ಜನ ಮೊದಲೇ ಊಹಿಸಿಬಿಡುತ್ತಾರೆ.