ದಿನಾ ಓಡಿಸೋ ಸ್ವಿಫ್ಟ್‌ಗೆ ಮನೇಲೇ ಹೊಸ ಶಾಕ್ ಹಾಕೋದು ಹೇಗೆ

ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ಕುಣೀತಿದ್ರೆ, ಬ್ರೇಕ್ ಒತ್ತಿದಾಗ ಮೂತಿ ಜಾಸ್ತಿ ಕೆಳಗೆ ಹೋಗ್ತಿದ್ರೆ ಶಾಕ್, ಅಂದ್ರೆ ಗಾಡಿ ಕುಣಿತ ತಡೆಯೋ ಶಾಕ್ ಅಬ್ಸಾರ್ಬರ್, ಮುಗೀತಾ ಬಂದಿದೆ ಅಂತ ಲೆಕ್ಕ. ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ, ಲೀಕ್ ಆಗಿರೋ ಶಾಕ್ ಮೈಮೇಲೆ ಎಣ್ಣೆಗೆ ಧೂಳು ಸೇರಿ ಕಪ್ಪಗೆ ಮೆತ್ಕೊಂಡಿರತ್ತೆ, ಬೆರಳಲ್ಲಿ ಕೆರೆದ್ರೆ ಕಾಡಿಗೆ ತರ ಬರತ್ತೆ. ಟೈರ್ ಮೇಲೆ ಕೈ ಆಡಿಸಿದ್ರೆ ಅಲ್ಲಲ್ಲಿ ಉಬ್ಬು ತಗ್ಗು ಸಿಗತ್ತೆ.

ಅಪ್‌ಗ್ರೇಡ್ ಅಂದ ತಕ್ಷಣ ಗಾಡಿ ತಗ್ಗಿಸೋ ಲೋವರಿಂಗ್ ಸ್ಪ್ರಿಂಗ್ ಹುಡುಕೋಕೆ ಹೋಗ್ಬೇಡಿ. 2018ರ ಸ್ವಿಫ್ಟ್‌ಗೆ ಗ್ರೌಂಡ್ ಕ್ಲಿಯರೆನ್ಸ್ ಇರೋದೇ 163 ಎಂಎಂ, ನಾಲ್ಕು ಜನ ಕೂತು ಡಿಕ್ಕೀಲಿ ಲಗೇಜ್ ಇಟ್ರೆ ಅದೂ ಇಳಿಯತ್ತೆ, ನಮ್ಮ ಬೆಂಗಳೂರಿನ ಒಳರಸ್ತೆ ಹಂಪ್‌ಗಳಲ್ಲಿ ಹೊಟ್ಟೆ ಉಜ್ಜೋದು ಗ್ಯಾರಂಟಿ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಸ್ಪೆಸಿಫಿಕೇಷನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ದಿನಾ ಆಫೀಸಿಗೆ ಹೋಗಿ ಬರೋ ಗಾಡಿಗೆ ಒರಿಜಿನಲ್ ಉದ್ದದ್ದೇ ಒಳ್ಳೆ ಗ್ಯಾಸ್ ತುಂಬಿದ ಶಾಕ್ ಹಾಕಿ, ಸುತ್ತಲಿನ ರಬ್ಬರ್ ಎಲ್ಲಾ ಹೊಸದು ಮಾಡಿ, ಅದಕ್ಕಿಂತ ದೊಡ್ಡ ಅಪ್‌ಗ್ರೇಡ್ ಬೇಕಾಗಿಲ್ಲ.

ಗಾಡಿ ಪಾರ್ಟ್ಸ್ ಸಿಗೋ ಜೆ.ಸಿ. ರೋಡ್‌ನಲ್ಲಿ ಗೇಬ್ರಿಯಲ್, ಮನ್ರೋ ತರದ ಕಂಪನೀದು ಕೇಳಿ, ಮಾಡೆಲ್ ವರ್ಷ, ಪೆಟ್ರೋಲ್ಲೋ ಡೀಸೆಲ್ಲೋ ಸರಿಯಾಗಿ ಹೇಳಿ. ಜೋಡಿಯಾಗೇ ತಗೊಳ್ಳಿ, ಒಂದೇ ಕಡೆ ಹಾಕಿದ್ರೆ ಕುಣಿತ ಎರಡೂ ಕಡೆ ಒಂದೇ ತರ ಹಿಡಿತಕ್ಕೆ ಬರಲ್ಲ. ಸ್ಟ್ರಟ್ (ಮುಂದಿನ ಶಾಕ್, ಸ್ಪ್ರಿಂಗ್ ಎರಡೂ ಸೇರಿರೋ ಜೋಡಣೆ) ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪರ್, ಡಸ್ಟ್ ಕವರ್ ಇವನ್ನೂ ಆಗ್ಲೇ ತಗೊಂಡ್ಬಿಡಿ, ಇಲ್ಲಾಂದ್ರೆ ಆರು ತಿಂಗಳಿಗೆ ಅದೇ ಕೆಲಸ ಮತ್ತೆ ಬಿಚ್ಚಿ ಮಾಡ್ಬೇಕಾಗತ್ತೆ.

ಸಮತಟ್ಟು ಜಾಗ ಬೇಕು, ಹ್ಯಾಂಡ್‌ಬ್ರೇಕ್ ಹಾಕಿ, ಮುಂದೆ ಕೆಲಸ ಮಾಡುವಾಗ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಹಿಂದಿನದು ಎತ್ತುವಾಗ ಮಾತ್ರ ಹ್ಯಾಂಡ್‌ಬ್ರೇಕ್ ನಂಬ್ಬೇಡಿ, ಅದು ಹಿಂದಿನ ಚಕ್ರಕ್ಕೇ ಹಿಡಿಯೋದು, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲಿಡಿ. ಗಾಡಿ ಜೊತೆ ಬರೋ ಜಾಕಿ ಬರೀ ಎತ್ತೋಕೆ, ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ, ಹಾಲೋ ಬ್ಲಾಕ್ ಖಂಡಿತ ಬೇಡ, ಭಾರಕ್ಕೆ ಅವು ಒಮ್ಮೆಲೇ ಪುಡಿ ಆಗ್ಬಿಡತ್ತೆ.

ಹಿಂದಿನದರಿಂದ ಶುರು ಮಾಡಿ, ಅದು ಸುಲಭ. ಸ್ವಿಫ್ಟ್‌ನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಕೆಳಗಿನ ಬೋಲ್ಟ್ ಬಿಚ್ಚೋ ಮುಂಚೆ ಬೀಮ್‌ಗೆ (ಹಿಂದಿನ ಎರಡು ಚಕ್ರ ಸೇರಿಸೋ ಅಡ್ಡ ತೊಲೆ) ಇನ್ನೊಂದು ಜಾಕಿ ಆನಿಸಿ, ಇಲ್ಲಾಂದ್ರೆ ಬೀಮ್ ದಬ್ ಅಂತ ಇಳಿದು ಬ್ರೇಕ್ ಪೈಪ್ ಎಳೆಯತ್ತೆ. ಮೊದಲನೇ ಸಲ ಚಕ್ರ ಗಾಳೀಲಿ ನೇತಾಡ್ತಿರುವಾಗ್ಲೇ ಕೆಳಗಿನ ಬೋಲ್ಟ್ ಫುಲ್ ಟೈಟ್ ಮಾಡಿಬಿಟ್ಟೆ, ಗಾಡಿ ಇಳಿಸಿದ ಮೇಲೆ ಒಳಗಿನ ರಬ್ಬರ್ ಬುಷ್ ತಿರುಚ್ಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿದೋಯ್ತು. ಕೈಯಲ್ಲಿ ಹಿಡಿಯೋಷ್ಟು ಬಿಗಿ ಮಾಡಿ, ಗಾಡಿ ಭಾರ ಚಕ್ರದ ಮೇಲೆ ಕೂತ ಮೇಲೇ ಕೊನೇ ಟೈಟ್.

ಮುಂದಿನದು ಸ್ಟ್ರಟ್. ಹಿಂದಿನ ರಾತ್ರೀನೇ ಬೋಲ್ಟ್‌ಗಳಿಗೆ ರಸ್ಟ್ ಸ್ಪ್ರೇ ಹೊಡೆದಿಡಿ. ನಕಲ್‌ಗೆ (ಚಕ್ರ ಕೂರೋ ಲೋಹದ ಭಾಗ) ಸೇರಿರೋ ಎರಡು ಬೋಲ್ಟ್ ಸುತ್ತ ಪೇಂಟ್ ಪೆನ್ನಲ್ಲಿ ಗುರುತು ಹಾಕಿ, ವಾಪಸ್ ಕೂರಿಸುವಾಗ ಹೆಚ್ಚುಕಡಿಮೆ ಅದೇ ಜಾಗ ಸಿಗತ್ತೆ. ಬ್ರೇಕ್ ಹೋಸ್, ಎಬಿಎಸ್ ವೈರ್ ಕ್ಲಿಪ್ ಬಿಡಿಸಿ. ಲಿಂಕ್ ರಾಡ್ (ಸ್ಟ್ರಟ್‌ಗೆ ಸೇರಿರೋ ಸಣ್ಣ ಸಲಾಕೆ) ನಟ್ ಜೊತೆ ಪಿನ್ನೂ ಸುತ್ತುತ್ತೆ, ಪಿನ್ ಅಲುಗಾಡದಂಗೆ ಹಿಡ್ಕೊಂಡು ನಟ್ ಬಿಚ್ಚಿ. ಬೋಲ್ಟ್ ಎಳೆದ ಮೇಲೆ ನಕಲ್ ಹೊರಗಡೆಗೆ ವಾಲತ್ತೆ, ಅದನ್ನ ಹಗ್ಗದಲ್ಲಿ ಕಟ್ಟಿ ಇಡಿ, ಇಲ್ಲಾಂದ್ರೆ ಚಕ್ರ ತಿರುಗಿಸೋ ಡ್ರೈವ್ ಶಾಫ್ಟ್ ಜಾಯಿಂಟ್ ಎಳೆದುಹೋಗತ್ತೆ.

ಇನ್ನು ಪ್ರಾಣದ ವಿಷಯ. ಸ್ಟ್ರಟ್ ಮೇಲೆ ಗಾಡಿಯ ಮೈಗೆ ಹಿಡಿದಿರೋ ನಟ್ ಯಾವ್ದು, ಸ್ಪ್ರಿಂಗ್‌ನ ಒತ್ತಿ ಹಿಡಿದಿರೋ ನಟ್ ಯಾವ್ದು ಅಂತ ಸರ್ವಿಸ್ ಮ್ಯಾನುಯಲ್ ನೋಡಿ ಖಚಿತ ಮಾಡ್ಕೊಳ್ಳಿ. ಎರಡನೇದನ್ನ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅಮುಕಿ ಹಿಡಿಯೋ ಸಾಧನ) ಹಾಕದೆ ಮುಟ್ಲೇಬಾರ್ದು, ಬಿಚ್ಚಿದ್ರೆ ಸ್ಪ್ರಿಂಗ್ ಗುಂಡಿನ ತರ ಹಾರತ್ತೆ, ಮುಖ ಕೈ ಯಾವುದೂ ಉಳಿಯಲ್ಲ. ಬಾಡಿಗೆಗೆ ಸಿಗೋ ಸವೆದ ಕಂಪ್ರೆಸರ್ ಕೊಕ್ಕೆ ಜಾರೋ ಭಯ ಇದ್ರೆ, ಬಿಚ್ಚಿದ ಎರಡೂ ಸ್ಟ್ರಟ್ ಚೀಲಕ್ಕೆ ಹಾಕ್ಕೊಂಡು ಹೊಸ ಶಾಕ್ ಜೊತೆ ಹತ್ತಿರದ ಗ್ಯಾರೇಜ್‌ಗೆ ತಗೊಂಡೋಗಿ, ಅವರೇ ಹಳೇ ಸ್ಪ್ರಿಂಗ್‌ನ ಹೊಸ ಶಾಕ್‌ಗೆ ಕೂರಿಸಿ ಕೊಡ್ತಾರೆ. ನಾನು ಹಾಗೇ ಮಾಡೋದು. ಸ್ಪ್ರಿಂಗ್ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಕೂತಿದ್ಯಾ ಅಂತ ಅಲ್ಲೇ ನಿಂತು ನೋಡಿ.

ವಾಪಸ್ ಹಾಕೋದು ಅದೇ ದಾರಿ ಉಲ್ಟಾ. ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಟಾರ್ಕ್ ರೆಂಚ್ ಬಳಸಿ, ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ದೇ ಇರ್ಲಿ. ಮುಂದಿನ ಸ್ಟ್ರಟ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ಬಿಟ್ರೆ ಹೊಸ ಟೈರೇ ಒಂದು ಬದಿ ತಿನ್ಕೊಂಡು ಹೋಗತ್ತೆ. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲಾ ನಟ್‌ಗೂ ಮತ್ತೊಂದ್ಸಲ ಪಾನಾ ಹಾಕಿ ನೋಡಿ, ಗುಂಡೀಲಿ ಟಕ್ ಟಕ್ ಅಂತ ಸದ್ದು ಬಂದ್ರೆ ಮೊದ್ಲು ಲಿಂಕ್ ರಾಡ್ ನಟ್ ಮೇಲೆ ಕೈ ಇಡಿ.