ವ್ಯಾನಿಗೆ ಮನೆಯಿಂದ ಕರೆಂಟ್ ಎಳೆಯೋ ಮುಂಚೆ ವೈರ್ ನೋಡಿ

ದಸರಾ ನೋಡೋಕೆ ಅಂತ ಕ್ಯಾಂಪರ್ ವ್ಯಾನಿನಲ್ಲಿ ಹೊರಟು ಮಂಡ್ಯದಲ್ಲಿ ಭಾವನ ಮನೆ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದೆವು. ಜಂಬೂಸವಾರಿ ದಿನ ಮೈಸೂರಲ್ಲಿ ಜಾಗ ಸಿಗೋದು ಅಷ್ಟರಲ್ಲೇ ಇದೆ ಅಲ್ವಾ. ಜಗಲಿ ಪ್ಲಗ್ಗಿಂದ ಎಕ್ಸ್‌ಟೆನ್ಷನ್ ಎಳೆದು ಎಸಿ, ಕೆಟಲ್ ಎರಡೂ ಹಾಕಿದೆವು. ಸ್ವಲ್ಪ ಹೊತ್ತಿಗೆ ಭಾವ ಬಂದು "ಏನೋ ಸುಟ್ಟ ವಾಸನೆ ಬರ್ತಿದೆ ಕಣಪ್ಪಾ" ಅಂದರು. ನೋಡಿದರೆ ರೀಲಿನಲ್ಲಿ ಸುತ್ತಿದ್ದ ವೈರ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಎಂಸಿಬಿ, ಅಂದ್ರೆ ಕರೆಂಟ್ ಜಾಸ್ತಿ ಹರಿದರೆ ತಾನೇ ಆಫ್ ಆಗೋ ಸ್ವಿಚ್ಚು, ಮಾತ್ರ ಜಪ್ಪಯ್ಯ ಅಂದರೂ ಬಿದ್ದಿರಲಿಲ್ಲ.

ಯಾಕಂದ್ರೆ ಅದು 32 ಆಂಪ್ಸಿನದು. ಹರಿದದ್ದು ಸುಮಾರು 12. ಅದರ ಲೆಕ್ಕಕ್ಕೆ ಎಲ್ಲ ಸರಿಯಾಗೇ ಇತ್ತು, ಪಾಪ!

ಹಾಗಾಗಿ ಮೊದಲು ಲೋಡ್ ಲೆಕ್ಕ ಹಾಕಿ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪ್ಸ್ ಸಿಗುತ್ತದೆ. ಎಸಿ 1200, ಕೆಟಲ್ 1500, ಒಟ್ಟು 2700 ವ್ಯಾಟ್. ಇದಕ್ಕೆ 6 ಆಂಪ್ಸಿನ ಸಣ್ಣ ಪ್ಲಗ್ ಆಗಲ್ಲ, 16 ಆಂಪ್ಸಿನ ದಪ್ಪ ಪವರ್ ಪ್ಲಗ್ಗೇ ಬೇಕು.

ಆಮೇಲೆ ವೈರ್. ಸೈಜ್ ಮೇಲಿನ ಹೊದಿಕೆಯಲ್ಲೇ ಅಚ್ಚಾಗಿರುತ್ತದೆ, ಮೊಬೈಲ್ ಟಾರ್ಚ್ ಹಾಕಿ ಓದಿ. 3 ಕೋರ್ (ಒಳಗೆ ಮೂರು ವೈರ್ ಇರೋದು), 2.5 ಸ್ಕ್ವೇರ್ ಎಂಎಂ ತಾಮ್ರದ್ದು ಇರಲಿ. ಏನೂ ಬರೆದಿಲ್ಲವಾ, ಬಿಟ್ಟುಬಿಡಿ. ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಬಿಸಿ ಜಾಸ್ತಿ. ಉದ್ದಾನೂ ಮುಖ್ಯ. 30 ಮೀಟರ್ ದೂರಕ್ಕೆ 1.5 ಸ್ಕ್ವೇರ್ ಎಂಎಂ ವೈರ್ ಎಳೆದು 12 ಆಂಪ್ಸ್ ಹರಿಸಿದರೆ ದಾರಿಯಲ್ಲೇ 9-10 ವೋಲ್ಟ್ ಹೋಗುತ್ತದೆ. 2.5ರಲ್ಲಿ 6 ವೋಲ್ಟಿನ ಒಳಗೇ ಮುಗಿಯುತ್ತದೆ. ರೀಲನ್ನು ಪೂರ್ತಿ ಬಿಚ್ಚಿ ಹಾಕಿ, ಸುತ್ತಿಟ್ಟರೆ ಬಿಸಿ ಹೊರಗೆ ಹೋಗಲ್ಲ. ನಾವು ಮಾಡಿದ ದೊಡ್ಡ ತಪ್ಪು ಅದೇ.

ಎಂಸಿಬಿ ಇರೋದು ವೈರನ್ನು ಕಾಯೋಕೆ. ಗೋಡೆಯೊಳಗಿನ ವೈರು, ಪ್ಲಗ್ಗು, ಎಕ್ಸ್‌ಟೆನ್ಷನ್ ಇವುಗಳಲ್ಲಿ ಯಾವುದು ಸಣ್ಣದೋ ಅದಕ್ಕೆ ಹೊಂದೋ ಎಂಸಿಬಿ ಇರಬೇಕು. 1.5 ಸ್ಕ್ವೇರ್ ಎಂಎಂ ವೈರಿಗೆ 10 ಆಂಪ್ಸಿನ ಎಂಸಿಬಿ, 2.5ಕ್ಕೆ 16ರದು ಇಟ್ಟುಕೊಳ್ಳಿ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಸುಮ್ನೆ ದೊಡ್ಡದು ಹಾಕಿಸಬೇಡಿ. ಇನ್ನೊಂದು, 16ರ ಎಂಸಿಬಿಯಲ್ಲಿ 20 ಆಂಪ್ಸ್ ಹರಿದರೂ ಅದು ತಕ್ಷಣ ಬೀಳಲ್ಲ, ಒಂದು ಗಂಟೆ ಹಿಡಿದರೂ ಹಿಡಿಯಬಹುದು.

ವ್ಯಾನಿನ ಮೈ ಕಬ್ಬಿಣ, ಕೆಳಗೆ ಒದ್ದೆ ನೆಲ. ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಎಲ್ಲಾದರೂ ಸೋರಿದರೆ ಲೈನ್ ಕಟ್ ಮಾಡೋ ಸ್ವಿಚ್ಚು) ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ. ಬೀಳಲಿಲ್ಲ ಅಂದ್ರೆ ಆ ಮನೆಯಿಂದ ಕರೆಂಟ್ ಬೇಡ.

ಲೋಡ್ ಹಾಕಿ ಇಪ್ಪತ್ತು ನಿಮಿಷ ಬಿಟ್ಟು ಪ್ಲಗ್ಗಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡೋಕೆ ಆಗದಿದ್ದರೆ ಮೊದಲು ಎಂಸಿಬಿ ಕೆಳಗಿಳಿಸಿ, ಆಮೇಲೆ ಪ್ಲಗ್ ಕೀಳಿ.