ಬಲಗಡೆ ಸ್ಪೀಕರಿನ ವೈರ್ ಬದಲಾಯಿಸಿದ್ದು

ಒಂದು ವರ್ಷದಿಂದ ನಮ್ಮ ಮನೆಯ ಆಂಪ್ಲಿಫಯರಿನ ಬ್ಯಾಲೆನ್ಸ್ ತಿರುಪು (ಎಡ-ಬಲ ಸ್ಪೀಕರುಗಳ ಸದ್ದನ್ನು ಸರಿದೂಗಿಸುವುದು) ನಡುವಿನಲ್ಲಿ ನಿಂತದ್ದೇ ಇಲ್ಲ. ಸ್ವಲ್ಪ ಬಲಕ್ಕೆ ತಿರುಗಿಸಿದರೆ ಮಾತ್ರ ಯಕ್ಷಗಾನದ ಭಾಗವತರ ದನಿ ನಡುವಿಗೆ ಬರುತ್ತಿತ್ತು, ಇಲ್ಲದಿದ್ದರೆ ಎಡಗೋಡೆಗೆ ಅಂಟಿಕೊಂಡ ಹಾಗೆ. ಬಲಗಿವಿ ಮಂದವಾಯಿತೋ ಏನೋ ಎಂಬ ಅಳುಕು ನನಗೆ. ಒಂದು ದಿನ ಕುರ್ಚಿ ತಿರುಗಿಸಿ ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತೆ. ಈಗ ಎಡಗಿವಿಗೆ ಕಮ್ಮಿ ಕೇಳಿಸಿತು. ಕಿವಿಯದ್ದಲ್ಲ ಎಂದು ಗೊತ್ತಾದಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಆಂಪ್ಲಿಫಯರಿನ ಹಿಂದೆ ಎಡ-ಬಲದ ವೈರುಗಳನ್ನು ಅದಲುಬದಲು ಮಾಡಿ ನೋಡಿದೆ. ಆಗಲೂ ಬಲಗಡೆಯದ್ದೇ ಮಂದ. ಸ್ಪೀಕರುಗಳನ್ನೇ ಎತ್ತಿ ಆಚೀಚೆ ಇಟ್ಟೆ, ಆಗಲೂ ಅದೇ. ಉಳಿದದ್ದು ವೈರ್ ಒಂದೇ.

ನಮ್ಮದು ಮಂಗಳೂರು ಕಡೆಯ ಮನೆ, ಸಮುದ್ರಕ್ಕೆ ಎರಡು ಕಿಲೋಮೀಟರೂ ಇಲ್ಲ. ಎಡ ಸ್ಪೀಕರಿಗೆ ಮೂರು ಮೀಟರ್ ವೈರ್ ಸಾಕು. ಬಲದ್ದಕ್ಕೆ ಬಾಗಿಲ ಚೌಕಟ್ಟು ಸುತ್ತಿ ಒಂಬತ್ತು ಮೀಟರ್ ಬೇಕು. ಹಾಕಿದ್ದು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಕೆಂಪು-ಕಪ್ಪು ತೆಳು ಜೋಡಿ ವೈರ್, ಹೆಚ್ಚೆಂದರೆ ಅರ್ಧ ಸ್ಕ್ವೇರ್ ಎಂ.ಎಂ. ಅಷ್ಟು ದಪ್ಪದ ತಾಮ್ರಕ್ಕೆ ಮೀಟರಿಗೆ ಸುಮಾರು 0.034 ಓಮ್ ರೋಧ, ಅಂದರೆ ಕರೆಂಟಿಗೆ ತಡೆ. ಕರೆಂಟು ಹೋಗಿ ಬರಬೇಕಲ್ಲ, ಒಂಬತ್ತು ಮೀಟರ್ ಎಂದರೆ ಲೆಕ್ಕಕ್ಕೆ ಹದಿನೆಂಟು. 0.6 ಓಮ್ ಆಯಿತು. ವೈರನ್ನು ಎರಡೂ ಕಡೆ ಬಿಚ್ಚಿ, ಸ್ಪೀಕರಿನ ತುದಿಯ ಎರಡೂ ಎಳೆಗಳನ್ನು ಸೇರಿಸಿ, ಈ ತುದಿಗೆ ಮಲ್ಟಿಮೀಟರ್ ಹಿಡಿದರೆ 1.5 ತೋರಿಸಿತು. ಇಂಥ ಚಿಕ್ಕ ಅಳತೆಗೆ ಮೀಟರಿನ ಸ್ವಂತ ವೈರನ್ನೂ ಕಳೆಯಬೇಕು: ಎರಡೂ ಮೊನೆ ತಾಗಿಸಿದಾಗ 0.3 ಬಂತು. ಉಳಿದದ್ದು 1.2, ಲೆಕ್ಕದ ಎರಡರಷ್ಟು.

ಆ ಹೆಚ್ಚಿನ 0.6 ಓಮ್ ಎಲ್ಲಿ ಕೂತಿದೆ ಎಂದು ವೈರನ್ನು ಬೆರಳಲ್ಲಿ ಸವರುತ್ತಾ ಹೋದೆ. ಶೋಕೇಸಿನ ಹಿಂದೆ ಒಂದು ಗಂಟು ಸಿಕ್ಕಿತು. ಹಿಂದೆ ಯಾವಾಗಲೋ ಉದ್ದ ಸಾಲದೆ ಹೊಸೆದು, ಇನ್ಸುಲೇಶನ್ ಟೇಪ್ ಸುತ್ತಿದ್ದು. ಟೇಪ್ ಅಂಟಂಟಾಗಿ ಕೈಗೆ ಬಂತು. ಒಳಗಿನ ತಾಮ್ರ ಕಪ್ಪಾಗಿ, ಅಲ್ಲಲ್ಲಿ ಹಸಿರು ಹಿಡಿದಿತ್ತು. ಉಗುರು ತಾಗಿಸಿದರೆ ನಾಲ್ಕು ಎಳೆ ಪುಡಿಯಾಗಿ ಬಿದ್ದವು. ನಮ್ಮ ಕಡೆಯ ಉಪ್ಪುಗಾಳಿಗೆ ಬಿಟ್ಟ ತಾಮ್ರದ ಗತಿ ಇದೇ.

ಗಂಟನ್ನು ಕತ್ತರಿಸಿ ಬೆಸುಗೆ ಹಾಕಿದ್ದರೂ ಅರ್ಧ ರೋಗ ಹೋಗುತ್ತಿತ್ತು. ಆದರೆ ವೈರ್ ತೆಳುವಾದದ್ದಂತೂ ನಿಜ, ಹಾಗಾಗಿ ಪೂರ್ತಿ ಬದಲಿಸುವುದೆಂದೇ ನಿರ್ಧರಿಸಿದೆ.

ಮೊದಲು ತಂದದ್ದು ಕೈಕೊಟ್ಟಿತು. ಪಾರದರ್ಶಕ ಹೊದಿಕೆಯ ದಪ್ಪ ಸ್ಪೀಕರ್ ಕೇಬಲ್, ಮೇಲೆ ‘ಆಕ್ಸಿಜನ್ ಫ್ರೀ ಕಾಪರ್’ (ಶುದ್ಧ ತಾಮ್ರ) ಎಂದು ಅಚ್ಚು ಹೊಡೆದಿತ್ತು. ಕೈಯಲ್ಲಿ ಹಿಡಿದಾಗಲೇ ತೂಕ ಸಾಲದು ಅನ್ನಿಸಿತು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದೆ. ಕೆಂಪು ಸಿಪ್ಪೆ ಎದ್ದು ಒಳಗೆ ಬೆಳ್ಳಗೆ ಮಿಂಚಿತು. ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ. ತಾಮ್ರ ಒಯ್ಯುವ ಕರೆಂಟಿನ ಶೇಕಡಾ ಅರುವತ್ತರಷ್ಟು ಮಾತ್ರ ಅಲ್ಯುಮಿನಿಯಂ ಒಯ್ಯುತ್ತದೆ, ಜೊತೆಗೆ ಮುರಿಯುವುದೂ ಬೇಗ. ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಬ್ಲೇಡು ಸಮೇತ ಹೋಗಿ ಅಂಗಡಿಯವರೆದುರೇ ಕೆರೆದು ತೋರಿಸಿ ವಾಪಸು ಕೊಟ್ಟೆ.

ಆಮೇಲೆ ನಮ್ಮ ಮನೆಯ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ನರನ್ನು ಕೇಳಿದೆ. ‘ಮನೆ ವೈರಿಂಗಿನ ಟೂ ಪಾಯಿಂಟ್ ಫೈವ್ ಹಾಕಿ ಮಾರಾಯ್ರೆ, ಅದಕ್ಕಿಂತ ತಾಮ್ರ ಎಂಥದು ಬೇಕು ನಿಮಗೆ?’ ಎಂದರು. ಅದೇ ಸರಿ ಎನಿಸಿತು. ಐಎಸ್ 694 (ವೈರುಗಳ ಭಾರತೀಯ ಮಾನಕ) ಗುರುತಿನ 2.5 ಸ್ಕ್ವೇರ್ ಎಂ.ಎಂ. ಮಲ್ಟಿಸ್ಟ್ರ್ಯಾಂಡ್ ವೈರ್, ಕೆಂಪು ಮತ್ತು ಕಪ್ಪು. ಎರಡನ್ನೂ ಒಟ್ಟಿಗೆ ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ನಿಧಾನಕ್ಕೆ ಹೊಸೆದೆ. ಹೊಸೆಯುವಾಗ ಉದ್ದ ಕಮ್ಮಿಯಾಗುತ್ತದೆ. ಒಂಬತ್ತು ಮೀಟರ್ ಬೇಕಾದರೆ ಹತ್ತು ಕತ್ತರಿಸಿಕೊಳ್ಳಿ. ಈ ವೈರ್ ಬಿರುಸು, ಬಾಗಿದ ಕಡೆಯೆಲ್ಲ ಸೆಟೆಯುತ್ತದೆ. ಆದ್ದರಿಂದ ಕೇಸಿಂಗ್ ಪಟ್ಟಿಯೊಳಗೆ ಹಾಕಿ ಮುಚ್ಚಿದೆ.

ತುದಿಯ ಕೆಲಸಕ್ಕೆ ಅವಸರ ಮಾಡಬಾರದು. ಆಂಪ್ಲಿಫಯರಿನ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಿಟ್ಟು ಶುರುಮಾಡಿ. ಒಂದು ಸೆಂಟಿಮೀಟರಿನಷ್ಟೇ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು, ಟರ್ಮಿನಲ್ಲಿನ ರಂಧ್ರಕ್ಕೆ ತೂರಿಸಿ ತಿರುಪು ಬಿಗಿದೆ. ಕೂದಲಿನಂಥ ಒಂದೇ ಒಂದು ಎಳೆ ಹೊರಗುಳಿದು ಪಕ್ಕದ ಟರ್ಮಿನಲ್ಲಿಗೆ ತಾಗಿದರೂ ಆಂಪ್ಲಿಫಯರಿನ ಔಟ್‌ಪುಟ್ ಸುಟ್ಟುಹೋಗಬಹುದು. ಟಾರ್ಚ್ ಹಾಕಿ ಎರಡೆರಡು ಸಲ ನೋಡಿದೆ. ವೈರಿನ ತುದಿಗೆ ಸಿಕ್ಕಿಸುವ ದುಂಡು ಮೊನೆಯ ಬನಾನಾ ಪ್ಲಗ್ ಹಾಕಲಿಲ್ಲ. ಅದು ದುಂಡು ರಂಧ್ರದ ಕರೆಂಟಿನ ಸಾಕೆಟ್ಟಿಗೂ ಹೊಕ್ಕುವಂಥದ್ದು, ರಜೆಯಲ್ಲಿ ಮೊಮ್ಮಗ ಬರುತ್ತಾನೆ.

ಮೀಟರ್ ಹಿಡಿದರೆ 0.4, ಮೊನೆಯ 0.3 ಕಳೆದರೆ 0.1. ಇನ್ನು ಕಿವಿಯ ಪರೀಕ್ಷೆ. ಹಳೆಯ ತಾಳಮದ್ದಳೆಯ ಒಂದು ಮೋನೋ ರೆಕಾರ್ಡಿಂಗ್ ಇದೆ ನನ್ನಲ್ಲಿ. ಮೋನೋ ಎಂದರೆ ಎರಡೂ ಸ್ಪೀಕರಿನಿಂದ ಒಂದೇ ಸದ್ದು, ಎಲ್ಲ ಸರಿಯಿದ್ದರೆ ಅದು ನಟ್ಟನಡುವೆ ನಿಲ್ಲಬೇಕು. ಬ್ಯಾಲೆನ್ಸ್ ತಿರುಪನ್ನು ನಡುವಿಗೆ ತಂದು ಹಾಕಿದೆ. ಭಾಗವತರು ಎರಡು ಸ್ಪೀಕರುಗಳ ಮಧ್ಯದ ಗೋಡೆಗಡಿಯಾರದ ಕೆಳಗೆ ಬಂದು ಕೂತರು. ಬಲಗಡೆಯಲ್ಲಿ ಸೊರಗಿದ್ದ ಮದ್ದಳೆಯ ಗುಂಕಾರವೂ ತುಂಬಿಕೊಂಡಿತು. ಒಳಗಿದ್ದ ಮನೆಯವಳು ‘ಟಿವಿ ಪಕ್ಕದ್ದು ಸರಿಯಾಯ್ತಾ?’ ಎಂದು ಕೇಳಿದಳು.

ಎಡ ಸ್ಪೀಕರಿಗೂ ಅದೇ ವೈರ್ ಹಾಕಿದೆ. ಅಲ್ಲಿ ನನಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಮೂರು ಮೀಟರಿಗೆ ಕೇಳಿಸಬೇಕಾದ ಕಾರಣವೂ ಇಲ್ಲ. ಮೀಟರಿಗೆ ಸಾವಿರಗಟ್ಟಲೆ ಕೊಟ್ಟು ಕೇಬಲ್ ತರುವವರು ಮೊದಲು ಹಳೆಯ ವೈರಿನ ಗಂಟುಗಳನ್ನು ಬಿಚ್ಚಿ ನೋಡಿದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರತಿ ತುದಿಯಲ್ಲೂ ನಾಲ್ಕು ಬೆರಳಿನಷ್ಟು ವೈರ್ ಹೆಚ್ಚಿಗೆ ಬಿಟ್ಟಿದ್ದೇನೆ. ಆಟಿ ತಿಂಗಳ ಮಳೆ ಮುಗಿದ ಮೇಲೆ ಕಪ್ಪಾದ ಭಾಗ ಕತ್ತರಿಸಿ, ಹೊಸದಾಗಿ ಸುಲಿದು, ಮತ್ತೆ ಬಿಗಿಯುವುದಕ್ಕೆ.